ಮಂಗಳೂರಿನ ವಕೀಲರೊಬ್ಬರ ಕಥೆ, ಮುದ್ದೇಬಿಹಾಳದ ಮಕ್ಕಳಿಗೆ

ನಮ್ಮ ತಾಲೂಕಿನ ಹುಡುಗ ಹುಡುಗಿಯರು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವುದನ್ನು ನೋಡಿದರೆ ಮಾಸ್ತರಿಕೆ ಮಾಡಿ ನಿವೃತ್ತನಾದ ನನ್ನಂಥವನಿಗೆ ಬಹಳ ಸಂತೋಷವಾಗುತ್ತದೆ. ಹಗಲು ಅಪ್ಪನ ಜತೆ ತೊಗರಿ ರಾಶಿ ಮಾಡಿ ರಾತ್ರಿ ಪುಸ್ತಕ ಹಿಡಿಯುವವರು ಇದ್ದೀರಿ. ವಿಜಯಪುರಕ್ಕೋ ಧಾರವಾಡಕ್ಕೋ ಹೋಗಿ, ನಾಲ್ವರು ಕೂಡಿ ಒಂದು ಖೋಲಿ ಹಿಡಿದು, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದು ಓದುವವರು ಇದ್ದೀರಿ. ನೆಲ್ಸನ್ ಮಂಡೇಲಾ ಎಷ್ಟು ವರ್ಷ ಜೈಲಿನಲ್ಲಿದ್ದರು ಎಂದು ಕೇಳಿದರೆ 27 ಎಂದು ತಡವರಿಸದೆ ಹೇಳುತ್ತೀರಿ. ಭಾರತ ರತ್ನ 1990ರಲ್ಲಿ, ನೊಬೆಲ್ ಶಾಂತಿ ಪ್ರಶಸ್ತಿ 1993ರಲ್ಲಿ, ಅದನ್ನು ಹಂಚಿಕೊಂಡವರು ಡಿ ಕ್ಲರ್ಕ್. ಎಲ್ಲವೂ ಸರಿ. ಆದರೆ ಪ್ರಶ್ನೆಪತ್ರಿಕೆಯಲ್ಲಿ ಬಾರದ ಒಂದು ಪ್ರಶ್ನೆಯನ್ನು ನಾನು ಕೇಳಬೇಕಾಗಿದೆ. ಆ ಮನುಷ್ಯ ಯಾವುದರ ವಿರುದ್ಧ ನಿಂತು ಅಷ್ಟು ವರ್ಷ ಜೈಲಿನಲ್ಲಿ ಕಳೆದರೋ, ಅದು ನಮ್ಮ ಊರಿನಲ್ಲಿ ಇಲ್ಲವೇ?

ದಕ್ಷಿಣ ಆಫ್ರಿಕದ ವರ್ಣಭೇದ ಎಂದರೆ ಏನಾಗಿತ್ತು ಎಂಬುದನ್ನು ಮೊದಲು ನೋಡಿ. 1948ರಲ್ಲಿ ಅಧಿಕಾರಕ್ಕೆ ಬಂದ ಬಿಳಿಯರ ಸರಕಾರ ಒಂದೊಂದಾಗಿ ಕಾಯಿದೆ ಬರೆಯಿತು. 1949ರ ಕಾಯಿದೆ ಬಿಳಿಯರು ಮತ್ತು ಉಳಿದವರ ನಡುವೆ ಮದುವೆ ಆಗಕೂಡದು ಎಂದಿತು. 1950ರಲ್ಲಿ ಎರಡು ಕಾಯಿದೆಗಳು ಬಂದವು: ಒಂದು ಪ್ರತಿಯೊಬ್ಬರ ಹೆಸರಿನ ಮುಂದೆ ಅವರ ಜನಾಂಗವನ್ನು ದಾಖಲಿಸಿತು, ಇನ್ನೊಂದು ಯಾವ ಜನಾಂಗದವರು ಯಾವ ಬಡಾವಣೆಯಲ್ಲಿ ಇರಬೇಕು ಎಂದು ಗೆರೆ ಎಳೆಯಿತು. 1953ರಲ್ಲಿ ಬಸ್ಸು, ಬೆಂಚು, ಸಮುದ್ರದ ದಂಡೆ ಎಲ್ಲವನ್ನೂ ಬೇರೆ ಬೇರೆ ಮಾಡಲು ಮತ್ತೊಂದು ಕಾಯಿದೆ ಬಂತು. ಕಪ್ಪು ಜನ ಸ್ವಂತ ದೇಶದಲ್ಲಿ ಓಡಾಡಲು ಕಿಸೆಯಲ್ಲಿ ಪಾಸು ಇಟ್ಟುಕೊಳ್ಳಬೇಕಿತ್ತು. 1960ರಲ್ಲಿ ಶಾರ್ಪ್‌ವಿಲ್ ಎಂಬ ಊರಿನಲ್ಲಿ ಈ ಪಾಸುಗಳನ್ನು ಧಿಕ್ಕರಿಸಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದರು.

ಈಗ ಆ 1950 ಎಂಬ ಇಸವಿಯನ್ನು ಮತ್ತೊಮ್ಮೆ ನೋಡಿ. ಅಲ್ಲಿ ಮನುಷ್ಯರನ್ನು ವಿಂಗಡಿಸುವ ಕಾಯಿದೆ ಬಂದ ಅದೇ ವರ್ಷ, ಜನವರಿ 26ರಂದು, ನಮ್ಮ ಸಂವಿಧಾನ ಜಾರಿಗೆ ಬಂತು. ಅದರ 17ನೆಯ ವಿಧಿ ಅಸ್ಪೃಶ್ಯತೆಯನ್ನು ಯಾವ ರೂಪದಲ್ಲೂ ಆಚರಿಸಕೂಡದು ಎಂದು ಕಿತ್ತುಹಾಕಿತು. 1955ರಲ್ಲಿ ಅದನ್ನು ಶಿಕ್ಷಾರ್ಹ ಅಪರಾಧ ಮಾಡುವ ಕಾಯಿದೆ ಬಂತು, 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ ಬಂತು. ಅಂದರೆ ಅಲ್ಲಿ ಜನರನ್ನು ಬೇರ್ಪಡಿಸಿದ್ದು ಕಾಯಿದೆ. ಇಲ್ಲಿ ಕಾಯಿದೆ ಎಲ್ಲರನ್ನೂ ಒಂದು ಮಾಡಿತು, ಬೇರ್ಪಡಿಸಿ ಇಟ್ಟದ್ದು ರೂಢಿ. ಅಲ್ಲಿಯವರು ಸರಕಾರದ ಜತೆ ಕಾದಾಡಬೇಕಾಯಿತು. ನಾವು ಕಾದಾಡಬೇಕಾಗಿರುವುದು ನಮ್ಮ ಮನೆಯ ಹಿರಿಯರ ಜತೆ, ನಮ್ಮ ಓಣಿಯವರ ಜತೆ, ನಮ್ಮ ನಾಲಿಗೆಯ ಜತೆ. ಇದು ಹೆಚ್ಚು ಕಷ್ಟದ್ದು ಎಂದು ನಾನು ನಂಬಿದ್ದೇನೆ. ಸರಕಾರವನ್ನು ವಿರೋಧಿಸಿದವನಿಗೆ ಊರಿನವರ ಬೆಂಬಲವಾದರೂ ಸಿಗುತ್ತದೆ. ರೂಢಿಯನ್ನು ವಿರೋಧಿಸಿದವನಿಗೆ ಸ್ವಂತ ಮನೆಯಲ್ಲೇ ಮಾತು ನಿಲ್ಲುತ್ತದೆ.

ಕಾಯಿದೆ ಮುಂದೆ ಹೋಗಿ ರೂಢಿ ಹಿಂದೆ ಉಳಿಯುವುದು ನಮ್ಮ ಕಡೆ ಸ್ವಾತಂತ್ರ್ಯಕ್ಕೂ ಹಳೆಯದು. ವಿಜಯಪುರ ಜಿಲ್ಲೆ ಆಗ ಮುಂಬೈ ಪ್ರಾಂತದಲ್ಲಿತ್ತು. 1923ರಲ್ಲಿ ಮುಂಬೈ ಶಾಸನ ಸಭೆಯಲ್ಲಿ ಎಸ್.ಕೆ. ಬೋಲೆ ಅವರು ಒಂದು ಗೊತ್ತುವಳಿ ಮಂಡಿಸಿ ಪಾಸು ಮಾಡಿಸಿದರು. ಸರಕಾರದ ಹಣದಲ್ಲಿ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆ, ಸಾಲಿ, ಕೋರ್ಟು, ದವಾಖಾನೆಗಳೆಲ್ಲ ಅಸ್ಪೃಶ್ಯರೆನ್ನಿಸಿಕೊಂಡವರಿಗೂ ತೆರೆದಿರಬೇಕು ಎಂಬ ಗೊತ್ತುವಳಿ ಅದು. ಕಾಗದದ ಮೇಲೆ ನಮ್ಮ ತಾಲೂಕಿನ ಬಾವಿಗಳಿಗೂ ಅದು ಅನ್ವಯಿಸುತ್ತಿತ್ತು. ಬಾವಿಗಳು ಮಾತ್ರ ತೆರೆಯಲಿಲ್ಲ. ಮಹಾಡ ಪಟ್ಟಣದ ಪುರಸಭೆ ತನ್ನ ಕೆರೆಯನ್ನು ಎಲ್ಲರಿಗೂ ಮುಕ್ತ ಎಂದು ಸಾರಿದ ಮೇಲೂ ದಲಿತರನ್ನು ಯಾರೂ ಆ ನೀರು ಮುಟ್ಟಲು ಬಿಟ್ಟಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದುಹೋಗಿ ಚೌದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಆಮೇಲೆ ಕಲ್ಲು ಬಡಿಗೆಗಳ ಹೊಡೆತ ತಿಂದದ್ದು ನೀರು ಕುಡಿದವರು.

ನೀವು ಕೇಳಬಹುದು, ಬಸವಣ್ಣನವರು ಹುಟ್ಟಿದ ನೆಲದಲ್ಲಿ ನಿಂತು ಮಂಡೇಲಾ, ಮಹಾಡ ಅಂತ ಯಾಕೆ ದೂರ ಹೋಗಬೇಕು, ಮಾಸ್ತರ? ಬಾಗೇವಾಡಿ ನಮಗೆ ಎಷ್ಟು ದೂರ? ನೀಲಮ್ಮ ತಾಯಿ ಐಕ್ಯಳಾದ ತಂಗಡಗಿ ನಮ್ಮ ತಾಲೂಕಿನಲ್ಲೇ ಕೃಷ್ಣೆಯ ದಂಡೆಯ ಮೇಲಿದೆ. ಎಂಟು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಜನಿವಾರ ಬೇಡವೆಂದು ಮನೆ ಬಿಟ್ಟ ಹುಡುಗ, ಕಲ್ಯಾಣದಲ್ಲಿ ಮಾದಾರ, ಅಂಬಿಗ, ಮಡಿವಾಳ, ಸೂಳೆಯಾಗಿದ್ದ ಹೆಣ್ಣುಮಕ್ಕಳನ್ನೂ ಒಂದೇ ಮಂಟಪದಲ್ಲಿ ಕೂಡಿಸಿದ್ದು, ಹರಳಯ್ಯನ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದಾಗ ಇಬ್ಬರು ತಂದೆಯರೂ ಪ್ರಾಣ ತೆತ್ತದ್ದು, ಕಲ್ಯಾಣ ಚದುರಿಹೋದದ್ದು, ಇದೆಲ್ಲ ನಿಮಗೆ ಗೊತ್ತು. ನಾನೂ ಅದನ್ನೇ ಕೇಳುತ್ತ ಬೆಳೆದವನು. ಆದರೆ ನನ್ನನ್ನು ಕಾಡುವ ಸಂಗತಿ ಒಂದಿದೆ. ನಾವು ಬಸವಣ್ಣನವರನ್ನು ದೇವರನ್ನಾಗಿ ಮಾಡಿ ಕೂಡಿಸಿದ್ದೇವೆ. ದೇವರು ಮಾಡಿದ್ದನ್ನು ಮನುಷ್ಯರು ಮಾಡಬೇಕಾಗಿಲ್ಲ ಎಂಬ ಸೋಗನ್ನು ಒಳಗೊಳಗೇ ಹಾಕಿಕೊಂಡಿದ್ದೇವೆ. ಹೂಮಾಲೆ ಹಾಕುತ್ತೇವೆ, ಎತ್ತಿನ ಬಂಡಿ ಶೃಂಗರಿಸುತ್ತೇವೆ, ಮರುದಿನ ಮೊದಲಿನಂತೆಯೇ ಇರುತ್ತೇವೆ. ಹಾಗಾಗಿ ನಿಮಗೆ ದೇವರಾಗದ ಒಬ್ಬ ಮನುಷ್ಯನ ಕಥೆ ಹೇಳಬೇಕು ಎನ್ನಿಸಿತು. ಅವರು ವಕೀಲರಾಗಿದ್ದರು, ಸಂಸಾರಸ್ಥರಾಗಿದ್ದರು, ಅವರ ಕಾಲ ನಮ್ಮ ಮುತ್ತಜ್ಜನ ಕಾಲ. ಹೆಸರು ಕುದ್ಮುಲ್ ರಂಗರಾವ್.

ಮಂಗಳೂರಿಗೆ ಹೋದವರು ಅಲ್ಲಿನ ಪುರಭವನದ ಮೇಲೆ ಆ ಹೆಸರನ್ನು ನೋಡಿರಬಹುದು. ನಮ್ಮ ಕಡೆ ಅವರನ್ನು ಓದಿದವರು ಕಡಿಮೆ. 1859ರ ಜೂನ್ 29ರಂದು ಹುಟ್ಟಿದವರು, ಸಾರಸ್ವತ ಬ್ರಾಹ್ಮಣ ಮನೆತನ, ಆಗಿನ ದಕ್ಷಿಣ ಕನ್ನಡದ ಕಾಸರಗೋಡು ಸೀಮೆಯ ಕುದ್ಮುಲ್ ಅವರ ಊರು. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಹೊಟ್ಟೆಪಾಡಿಗೆ ಮಂಗಳೂರಿಗೆ ಬಂದರು. ಮೊದಲು ಮಾಸ್ತರಿಕೆ ಮಾಡಿದರು, ಆಮೇಲೆ ಓದಿ ವಕೀಲರಾದರು. ಬಡವರ ಖಟ್ಲೆಗಳನ್ನು ನಡೆಸುವ ವಕೀಲ ಎಂದು ಹೆಸರಾದರು. ಬ್ರಹ್ಮ ಸಮಾಜ ಸೇರಿದರು. ಈ ವರೆಗಿನ ಬದುಕು ಆ ಕಾಲದ ಒಳ್ಳೆಯ ಮನುಷ್ಯರಲ್ಲಿ ಹಲವರದು. ಇಷ್ಟೇ ಆಗಿದ್ದರೆ ಇಂದು ಅವರ ಹೆಸರನ್ನು ನಾನು ತೆಗೆಯುತ್ತಿರಲಿಲ್ಲ.

ದಲಿತ ಕೇರಿಯ ಒಬ್ಬ ಹುಡುಗ, ಬೆಂದೂರು ಬಾಬು ಎಂದು ಅವನ ಹೆಸರು, ನಾಲ್ಕನೆಯ ಇಯತ್ತೆಯ ತನಕ ಓದಿ ಕೋರ್ಟಿನಲ್ಲಿ ಜವಾನನ ನೌಕರಿ ಹಿಡಿದಿದ್ದ, ಆದರೆ ಮೈಲಿಗೆಯ ಹೆಸರಿನಲ್ಲಿ ಅವನನ್ನು ಅಲ್ಲಿ ನೆಮ್ಮದಿಯಿಂದ ದುಡಿಯಗೊಡಲಿಲ್ಲ, ಅದೇ ರಂಗರಾಯರ ಮನಸ್ಸನ್ನು ತಿರುಗಿಸಿತು ಎಂದು ಮಂಗಳೂರಿನ ಕಡೆ ಹೇಳುತ್ತಾರೆ. ಕೋರ್ಟಿನಲ್ಲಿ ದಿನವೂ ನ್ಯಾಯದ ಮಾತಾಡುವ ಜನರ ನಡುವೆ ಒಬ್ಬ ಜವಾನನಿಗೆ ಜಾಗವಿಲ್ಲದಿರುವುದನ್ನು ಎಷ್ಟೋ ವಕೀಲರು ನೋಡಿರಬೇಕು. ನೋಡಿ ಮನೆಗೆ ಹೋಗಿರಬೇಕು. ರಂಗರಾಯರು ಸಾಲಿ ತೆಗೆದರು.

1892ರಲ್ಲಿ, ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ, ಬಾಡಿಗೆಯ ಕಟ್ಟಡದಲ್ಲಿ ಆ ಸಾಲಿ ಶುರುವಾಯಿತು. ದಲಿತ ಮಕ್ಕಳಿಗಾಗಿ. ಇಸವಿ ನೆನಪಿಡಿ, ಆಗ ಅಂಬೇಡ್ಕರರಿಗೆ ವಯಸ್ಸು ಒಂದು. ಯಾವ ಕಾಯಿದೆಯೂ ರಂಗರಾಯರ ಬೆನ್ನಿಗೆ ಇರಲಿಲ್ಲ. ಮೀಸಲಾತಿ ಇರಲಿಲ್ಲ, ವಿದ್ಯಾರ್ಥಿವೇತನ ಇರಲಿಲ್ಲ, ದೂರು ಕೊಟ್ಟರೆ ಕೇಳುವವರಿರಲಿಲ್ಲ. ಮೇಲು ಜಾತಿಯ ಮಾಸ್ತರರು ಬರಲಿಲ್ಲ, ಪಾಠ ಹೇಳಲು ಕ್ರೈಸ್ತ ಮಾಸ್ತರರು ಮುಂದೆ ಬಂದರು. ಆ ಜಾಗ ಉಳಿಯಗೊಡಲಿಲ್ಲ, ಬೇರೆ ಜಾಗ ಹುಡುಕಿದರು. ಅಲ್ಲಿಯೂ ನಡೆಯಗೊಡಲಿಲ್ಲ, ಮತ್ತೊಂದು ಜಾಗ. ಹೀಗೆ ಬೀದಿಯಿಂದ ಬೀದಿಗೆ ಸಾಲಿ ಹೊತ್ತು ತಿರುಗಿ, 1897ರಲ್ಲಿ ದಲಿತರ ಏಳಿಗೆಗೆಂದೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಕಡೆಗೆ ಕೊಡಿಯಾಲಬೈಲಿನಲ್ಲಿ ಅದಕ್ಕೊಂದು ನೆಲೆಯಾಯಿತು.

ಈ ಕಥೆಯಲ್ಲಿ ನನ್ನನ್ನು ಬಹಳ ಹಿಡಿದು ನಿಲ್ಲಿಸುವ ಒಂದು ಸಣ್ಣ ಸಂಗತಿ ಇದೆ. ಮಕ್ಕಳು ಸಾಲಿಗೆ ಬರಲಿಲ್ಲ. ಬಂದರೆ ಮನೆಯಲ್ಲಿ ಅಂದಿನ ದುಡಿಮೆ ತಪ್ಪುತ್ತಿತ್ತು. ದನ ಕಾಯುವ ಹುಡುಗ, ತಂಗಿಯನ್ನು ಎತ್ತಿಕೊಳ್ಳುವ ಹುಡುಗಿ ಸಾಲಿಯಲ್ಲಿ ಕೂತರೆ ಒಲೆ ಹೊತ್ತುವುದು ಕಷ್ಟ. ರಂಗರಾಯರು ಇದಕ್ಕೆ ತಂದೆ ತಾಯಿಯರನ್ನು ಬೈಯಲಿಲ್ಲ, ವಿದ್ಯೆಯ ಮಹತ್ವದ ಮೇಲೆ ಭಾಷಣ ಮಾಡಲಿಲ್ಲ. ಸಾಲಿಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡಲು ಶುರುಮಾಡಿದರು. ಮಧ್ಯಾಹ್ನದ ಊಟ ಹಾಕಿದರು. ಓದಿನ ಜತೆ ನೇಯ್ಗೆ, ಬಡಗಿ ಕೆಲಸ ಕಲಿಸಿದರು, ದೂರದ ಮಕ್ಕಳಿಗೆ ಉಳಿಯುವ ವ್ಯವಸ್ಥೆ ಮಾಡಿದರು. ಬಡವನ ಮನೆಯ ಲೆಕ್ಕ ತಿಳಿದವನು ಮಾತ್ರ ಹೀಗೆ ಯೋಚಿಸಬಲ್ಲ. ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳಲ್ಲಿ ಸರಕಾರ ಬಿಸಿಯೂಟ ಶುರುಮಾಡಿದ್ದು 2002ರಲ್ಲಿ. ನಾನು ಅದನ್ನು ಕಣ್ಣಾರೆ ಕಂಡವನು. ಗುಳೆ ಹೋಗುವ ಮನೆಗಳ ಎಷ್ಟೋ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟುಹೋಗುವಂತೆ ಮಾಡಿ ಸಾಲಿಯಲ್ಲಿ ಉಳಿಸಿದ್ದು ಆ ಊಟ. ಶತಮಾನಕ್ಕೂ ಹಿಂದೆ ಮಂಗಳೂರಿನ ಒಬ್ಬ ವಕೀಲರು ಅದನ್ನು ಕಿಸೆಯ ಹಣದಿಂದ, ಬೇಡಿ ತಂದ ಹಣದಿಂದ ಮಾಡಿದ್ದರು.

ಆ ಬಿಸಿಯೂಟದ ಮಾತಿಗೇ ಬರುತ್ತೇನೆ. ಅಡುಗೆ ಮಾಡುವ ಹೆಣ್ಣುಮಗಳು ದಲಿತಳು ಎಂದು ಮಕ್ಕಳನ್ನು ಊಟಕ್ಕೆ ಬಿಡದ ಊರುಗಳ ಸುದ್ದಿ ಈಗಲೂ ಪೇಪರಿನಲ್ಲಿ ಬರುತ್ತದೆ. ಆರು ವರ್ಷದ ಕೂಸಿಗೆ ಮೈಲಿಗೆ ಅಂದರೆ ಗೊತ್ತಿರುವುದಿಲ್ಲ. ಮನೆಯಲ್ಲಿ ಯಾರೋ ಹೇಳಿಕೊಟ್ಟಿರುತ್ತಾರೆ. ನಿಮ್ಮಲ್ಲಿ ಹಲವರು ಈಗ ಅಣ್ಣ, ಅಕ್ಕ, ಕಾಕಾ, ಚಿಗವ್ವ ಆಗಿದ್ದೀರಿ. ನಿಮ್ಮ ಮನೆಯ ಕೂಸು ಅಂಥ ಮಾತು ಆಡಿದ ದಿನ ನಕ್ಕು ಸುಮ್ಮನಾಗಬೇಡಿ. ಅದೇ ದಿನ, ಅದೇ ಹೊತ್ತಿನಲ್ಲಿ, ಮಗುವನ್ನು ಹತ್ತಿರ ಕೂಡಿಸಿಕೊಂಡು ತಿದ್ದಿ. ಸಾಧ್ಯವಾದರೆ ಆ ಸಾಲಿಗೆ ಹೋಗಿ ಮಗುವಿನ ಪಕ್ಕ ಕೂತು ಒಂದು ತುತ್ತು ಉಣ್ಣಿ.

ರಂಗರಾಯರು ತಮ್ಮ ಸಾಲಿಗಾಗಿ ತೆತ್ತ ಬೆಲೆ ಸಣ್ಣದಲ್ಲ. ಸ್ವಂತ ಸಮುದಾಯ ಅವರನ್ನು ಹೊರಗೆ ಹಾಕಿತು. ಆ ಕಾಲದಲ್ಲಿ ಬಹಿಷ್ಕಾರ ಎಂದರೆ ವಾಟ್ಸಾಪ್ ಗ್ರೂಪಿನಿಂದ ತೆಗೆದುಹಾಕಿದಂತಲ್ಲ ಮಕ್ಕಳೇ. ಮನೆಗೆ ಕ್ಷೌರಿಕ ಬರುವುದಿಲ್ಲ, ಬಟ್ಟೆ ಒಗೆಯುವವರು ಬರುವುದಿಲ್ಲ, ಬಾಣಂತನಕ್ಕೆ ಸೂಲಗಿತ್ತಿ ಬರುವುದಿಲ್ಲ, ಸಾವಿಗೆ ಹೆಗಲು ಕೊಡುವವರಿಲ್ಲ, ಮಕ್ಕಳಿಗೆ ಹೆಣ್ಣು ಗಂಡು ಕೊಡುವವರಿಲ್ಲ. ಹೆಂಡತಿ ಮಕ್ಕಳಿರುವ ಮನುಷ್ಯ ಇಂಥದ್ದನ್ನು ತಾಳಿಕೊಳ್ಳುವುದು ಎಷ್ಟು ಕಷ್ಟ ಎಂದು ಸಂಸಾರ ಮಾಡಿದ ನನಗೆ ಗೊತ್ತು. ಅವರು ತಾಳಿಕೊಂಡರು. ಮಗಳು ರಾಧಾಬಾಯಿಯನ್ನು ಚೆನ್ನಾಗಿ ಓದಿಸಿದರು, 1912ರಲ್ಲಿ ಬೇರೆ ಜಾತಿಯ, ಬೇರೆ ಭಾಷೆಯ ವರನಿಗೆ ಮದುವೆ ಮಾಡಿಕೊಟ್ಟರು. ಆ ಅಳಿಯ ಪಿ. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಯಾದರು. ರಾಧಾಬಾಯಿ ಸುಬ್ಬರಾಯನ್ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಹೆಣ್ಣುಮಕ್ಕಳ ಪರವಾಗಿ ಕೂತ ಇಬ್ಬರಲ್ಲಿ ಒಬ್ಬರು. ಅವರ ಮಗ, ಅಂದರೆ ರಂಗರಾಯರ ಮೊಮ್ಮಗ, ಜನರಲ್ ಕುಮಾರಮಂಗಲಂ 1966ರಿಂದ 1969ರ ತನಕ ನಮ್ಮ ದೇಶದ ಭೂಸೇನೆಯ ಮುಖ್ಯಸ್ಥರಾಗಿದ್ದರು. ಇನ್ನೊಬ್ಬ ಮೊಮ್ಮಗ ಮೋಹನ ಕುಮಾರಮಂಗಲಂ ಕೇಂದ್ರ ಮಂತ್ರಿ, ಮೊಮ್ಮಗಳು ಪಾರ್ವತಿ ಕೃಷ್ಣನ್ ಸಂಸದೆ. ಜಾತಿ ಬಿಟ್ಟು ಕೊಟ್ಟರೆ ವಂಶ ಕೆಡುತ್ತದೆ ಎಂದು ಹೇಳುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಈ ಮೂವರ ಹೆಸರುಗಳನ್ನು ಅವರಿಗೆ ಹೇಳಿ.

ಮದುವೆಯ ಮಾತು ಬಂದಾಗ ನನ್ನ ಎದೆ ಭಾರವಾಗುತ್ತದೆ. ಮನೆತನದ ಮರ್ಯಾದೆ ಎಂದು ಹೆತ್ತ ಮಗಳನ್ನೇ ಕೊಂದ ಸುದ್ದಿ ನಮ್ಮ ಜಿಲ್ಲೆಯಿಂದಲೂ ಬಂದಿದೆ. ಕೊಂದವರಲ್ಲಿ ಮುದುಕರಷ್ಟೇ ಇರುವುದಿಲ್ಲ. ಹೆಚ್ಚಾಗಿ ಅಣ್ಣ ತಮ್ಮಂದಿರು ಇರುತ್ತಾರೆ, ನಿಮ್ಮದೇ ವಯಸ್ಸಿನವರು, ನಿಮ್ಮಂತೆಯೇ ಮೊಬೈಲು ಹಿಡಿದು ಓಡಾಡಿದವರು. ತಮ್ಮಾ, ನಿನ್ನ ಅಕ್ಕನೋ ತಂಗಿಯೋ ಬೇರೆ ಜಾತಿಯವನನ್ನು ಇಷ್ಟಪಟ್ಟಳು ಎಂದು ತಿಳಿದ ದಿನ ಓಣಿಯವರು ನಿನ್ನ ಸಿಟ್ಟಿಗೆ ಎಣ್ಣೆ ಹೊಯ್ಯುತ್ತಾರೆ. ಆಮೇಲೆ ಕೋರ್ಟಿಗೆ ಅಲೆಯುವಾಗ, ಜೈಲಿನಲ್ಲಿ ಕೂತಾಗ, ಅವರಲ್ಲಿ ಒಬ್ಬರೂ ನಿನ್ನ ಅವ್ವನಿಗೆ ಒಂದು ಸೇರು ಜೋಳ ತಂದು ಕೊಡುವುದಿಲ್ಲ. ಆ ದಿನ ಯಾರ ಮಾತೂ ಕೇಳಬೇಡ. ತಂಗಿಯ ಮಾತು ಕೇಳು. ಆಕೆಗೆ ಹೇಳಿಕೊಳ್ಳಲು ಈ ಮನೆಯಲ್ಲಿ ನಿನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲದೆ ಇರಬಹುದು.

ನಾವು ಹುಡುಗರಾಗಿದ್ದಾಗ ನಮ್ಮ ಕಡೆಯ ಚಾದಂಗಡಿಗಳಲ್ಲಿ ದಲಿತರ ಕಪ್ಪು ಬಸಿ ಬೇರೆ ಇರುತ್ತಿದ್ದವು. ಅಂಗಡಿಯ ಹೊರಗೆ ತಗಡಿನ ಸಂದಿಯಲ್ಲಿ ಇಟ್ಟಿರುತ್ತಿದ್ದರು. ಬಂದವರು ತಾವೇ ತೆಗೆದುಕೊಂಡು, ತೊಳೆದು, ಮೇಲಿಂದ ಹೊಯ್ದ ಚಾ ಕುಡಿದು, ಮತ್ತೆ ತೊಳೆದು ಅಲ್ಲೇ ಇಡಬೇಕಿತ್ತು. ಈಗ ಅವು ಕಾಣುವುದಿಲ್ಲ, ಕಾಲ ಸುಧಾರಿಸಿತು ಎಂದು ನೀವು ಹೇಳುತ್ತೀರಿ. ನಿಜ, ಬಹಳ ಸುಧಾರಿಸಿದೆ, ಅದನ್ನು ಇಲ್ಲವೆನ್ನಲಾರೆ. ಒಂದೇ ಬೆಂಚಿನ ಮೇಲೆ ಕೂತು ಓದಿದ ಮಕ್ಕಳು ಒಂದೇ ಮೋಟಾರ್ ಸೈಕಲ್ಲಿನ ಮೇಲೆ ಓಡಾಡುವುದನ್ನು ನಾನು ನೋಡುತ್ತಿದ್ದೇನೆ. ಆದರೆ ಕೆಲವು ಹಳ್ಳಿಗಳಲ್ಲಿ ಆ ಕಪ್ಪು ಹೋದದ್ದು ಮನಸ್ಸು ಬದಲಾಗಿ ಅಲ್ಲ, ಕಾಗದದ ಕಪ್ಪು ಬಂದು. ಒಬ್ಬರು ಕುಡಿದದ್ದರಲ್ಲಿ ಇನ್ನೊಬ್ಬರು ಕುಡಿಯುವ ಪ್ರಸಂಗವೇ ಇಲ್ಲದಂತಾಯಿತು, ಹಾಗಾಗಿ ಜಗಳವೂ ಇಲ್ಲದಂತಾಯಿತು. ಕಟಿಂಗ್ ಅಂಗಡಿಯಲ್ಲಿ ಕಾಗದದ ಕಪ್ಪಿನಂಥ ಉಪಾಯವಿಲ್ಲ. ಅಲ್ಲಿ ಕುರ್ಚಿ ಒಂದೇ, ಕತ್ತರಿ ಒಂದೇ. ಹಾಗಾಗಿ ಅಲ್ಲಿ ಇನ್ನೂ ಜಗಳ ಇದೆ. ಊರಿನಲ್ಲಿ ಕೂದಲು ಕತ್ತರಿಸುವುದಿಲ್ಲವೆಂದು ಮೂವತ್ತು ರೂಪಾಯಿ ಬಸ್ಸಿಗೆ ಕೊಟ್ಟು ಪಟ್ಟಣಕ್ಕೆ ಬರುವ ಹುಡುಗರಿದ್ದಾರೆ. ನೀವು ಕಟಿಂಗಿಗೆ ಹೋದಾಗ ನಿಮ್ಮ ದಲಿತ ಗೆಳೆಯನನ್ನು ಜತೆಗೆ ಕರೆದುಕೊಂಡು ಹೋಗಿ. ಮೊದಲು ಅವನನ್ನು ಕೂಡಿಸಿ. ಅಂಗಡಿಯವನು ಬಡವ, ಗಿರಾಕಿ ತಪ್ಪೀತೆಂದು ಹೆದರಿದ್ದಾನೆ. ಅವನ ಮೇಲೆ ಕೂಗಾಡಬೇಡಿ. ನೀವು ಹತ್ತು ಹುಡುಗರು ಅವನ ಬೆನ್ನಿಗಿದ್ದೀರಿ ಎಂದು ಗೊತ್ತಾದರೆ ಅವನ ಹೆದರಿಕೆ ಹೋಗುತ್ತದೆ.

ದೂರದ ಅನ್ಯಾಯವನ್ನು ಖಂಡಿಸುವುದು ಸುಲಭ. ನಮ್ಮ ದೇಶ ಇದನ್ನು ಒಳ್ಳೆಯ ರೀತಿಯಲ್ಲೇ ಮಾಡಿತು, ನನಗೆ ಅದರ ಬಗ್ಗೆ ಹೆಮ್ಮೆ ಇದೆ. 1946ರಲ್ಲೇ ದಕ್ಷಿಣ ಆಫ್ರಿಕದ ಜತೆ ವ್ಯಾಪಾರ ಕಡಿದುಕೊಂಡ ಮೊದಲ ದೇಶ ನಮ್ಮದು. ಆಮೇಲೆ ಬಹಳ ವರ್ಷ ನಮ್ಮ ಪಾಸ್‌ಪೋರ್ಟ್ ಹಿಡಿದು ಅಲ್ಲಿಗೆ ಹೋಗುವಂತಿರಲಿಲ್ಲ. 1974ರಲ್ಲಿ ಡೇವಿಸ್ ಕಪ್ ಟೆನಿಸ್‌ನ ಫೈನಲ್ ತಲುಪಿದ ಭಾರತ, ಎದುರಾಳಿ ದಕ್ಷಿಣ ಆಫ್ರಿಕ ಎಂದಾಗ ಆಡುವುದಿಲ್ಲ ಎಂದಿತು. ಕಪ್ಪನ್ನೇ ಬಿಟ್ಟುಕೊಟ್ಟಿತು. ವಿಜಯ್ ಅಮೃತರಾಜ್ ಅವರಂಥ ಆಟಗಾರರಿಗೆ ಕಪ್ ಗೆಲ್ಲುವ ದೊಡ್ಡ ಅವಕಾಶ ಅದು. ಇಷ್ಟು ದೊಡ್ಡ ತ್ಯಾಗ ಮಾಡಿದ ದೇಶದ ಹಳ್ಳಿಗಳಲ್ಲಿ ಅದೇ ವರ್ಷ ಚಾದಂಗಡಿಯ ತಗಡಿನ ಸಂದಿಯಲ್ಲಿ ಆ ಕಪ್ಪು ಬಸಿ ಇದ್ದವು. ಹೊರಗಿನವರ ತಪ್ಪು ಕಾಣುವ ನಮ್ಮ ಕಣ್ಣು ಊರೊಳಗೆ ಬಂದಾಗ ಮುಚ್ಚಿಕೊಳ್ಳುತ್ತದೆ. ನಿಮ್ಮ ಕಣ್ಣು ಹಾಗಾಗದಿರಲಿ ಎಂದೇ ಇಷ್ಟೆಲ್ಲ ಹೇಳುತ್ತಿದ್ದೇನೆ.

ಇನ್ನೊಂದು ಸಂಗತಿ ನನಗೆ ಇತ್ತೀಚೆಗೆ ಹೆಚ್ಚು ಚಿಂತೆ ಹುಟ್ಟಿಸಿದೆ. ನಮ್ಮ ಕಾಲದಲ್ಲಿ ಜಾತಿ ಇತ್ತು, ಕ್ರೂರವಾಗಿಯೇ ಇತ್ತು, ಆದರೆ ಕಲಿತವರಿಗೆ ಅದರ ಬಗ್ಗೆ ಒಂದು ಸಂಕೋಚ ಇತ್ತು. ನಾಲ್ಕು ಜನರ ಮುಂದೆ ಜಾತಿ ಹೇಳಿಕೊಳ್ಳಲು ನಾಚುತ್ತಿದ್ದರು. ನಿಮ್ಮಲ್ಲಿ ಆ ನಾಚಿಕೆ ಕಡಿಮೆಯಾಗುತ್ತಿದೆ. ಮೋಟಾರ್ ಸೈಕಲ್ಲಿನ ನಂಬರ್ ಪ್ಲೇಟಿನ ಮೇಲೆ ಜಾತಿ, ಸ್ಟೇಟಸ್ಸಿನಲ್ಲಿ ಜಾತಿ, ಡಿಜೆ ಹಾಡಿನಲ್ಲಿ ಜಾತಿ, ಕ್ರಿಕೆಟ್ ಟೀಮಿನ ಹೆಸರಿನಲ್ಲಿ ಜಾತಿ. ಒಂದು ಸಮಾಜದ ಮೆರವಣಿಗೆ ಇನ್ನೊಂದು ಸಮಾಜದ ಓಣಿಯಲ್ಲಿ ಹಾಯುವಾಗ ಬೇಕಂತಲೇ ಸಪ್ಪಳ ಹೆಚ್ಚು ಮಾಡುತ್ತೀರಿ. ಪಟ್ಟಣದಲ್ಲಿ ಖೋಲಿ ಬಾಡಿಗೆಗೆ ಕೇಳಲು ಹೋದರೆ 'ನೀವು ಯಾರ ಪೈಕಿ?' ಎಂಬ ಪ್ರಶ್ನೆ ಬಂದಾಗ ಅದನ್ನು ಸಹಜವೆಂಬಂತೆ ಉತ್ತರಿಸುತ್ತೀರಿ. ಮುಂದಿನ ಸಲ ಆ ಪ್ರಶ್ನೆ ಬಂದರೆ, 'ಬಾಡಿಗೆ ತಿಂಗಳ ಮೊದಲನೆಯ ತಾರೀಖಿಗೆ ತಪ್ಪದೆ ಕೊಡುವವರ ಪೈಕಿ' ಎಂದು ಹೇಳಿ ನೋಡಿ. ಖೋಲಿ ತಪ್ಪಿದರೆ ತಪ್ಪಲಿ. ಇನ್ನೊಂದು ಸಿಗುತ್ತದೆ.

ನೊಂದ ಮನೆಗಳ ಮಕ್ಕಳಿಗೂ ಒಂದು ಮಾತು ಹೇಳಬೇಕು. ಇಲ್ಲಿಯ ತನಕ ನಾನು ಆಡಿದ್ದು ಬೇರೆಯವರಿಗೆ ಬುದ್ಧಿ ಹೇಳಿದ ಮಾತು, ನಿಮಗೆ ಬೇಕಾದ್ದು ಬುದ್ಧಿಯಲ್ಲ ಎಂದು ಬಲ್ಲೆ. ನಿಮ್ಮ ಅಪ್ಪ ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಮನೆ ಕಟ್ಟುವ ಕೂಲಿಗೆ ಗೋವಾಕ್ಕೆ ಹೋಗಿ ನಿಮ್ಮನ್ನು ಓದಿಸಿದ್ದಾರೆ. ಹಾಸ್ಟೆಲಿನ ಮುದ್ದೆಯಾದ ಅನ್ನ ಉಂಡು ನೀವು ಓದಿದ್ದೀರಿ. 1976ರ ಜೂನ್ 16ರಂದು ದಕ್ಷಿಣ ಆಫ್ರಿಕದ ಸೊವೆಟೊದಲ್ಲಿ, ತಮಗೆ ಬೇಡವಾದ ಭಾಷೆಯಲ್ಲಿ ಕಲಿಯುವಂತೆ ಒತ್ತಾಯ ಮಾಡಿದ್ದಕ್ಕೆ ಬೀದಿಗೆ ಇಳಿದವರು ಸಾಲಿಯ ಮಕ್ಕಳು. ಅವರ ಮೇಲೂ ಗುಂಡು ಹಾರಿತು. ಮುಂದೆ ಆ ದೇಶ ಬದಲಾಗುವುದರಲ್ಲಿ ಆ ಮಕ್ಕಳ ಪಾಲು ದೊಡ್ಡದು. ನಿಮ್ಮ ಕೈಯಲ್ಲಿ ಸಂವಿಧಾನ ಇದೆ, ಕಾಯಿದೆ ಇದೆ. ಅವಮಾನವಾದ ದಿನ ಅದನ್ನು ಉಪಯೋಗಿಸಲು ಹಿಂಜರಿಯಬೇಡಿ, 'ಊರಲ್ಲಿ ಬಾಳಬೇಕಲ್ಲ' ಎಂದು ರಾಜಿಗೆ ಒಪ್ಪಿಸುವ ಹಿರಿಯರ ಮಾತನ್ನು, ನನ್ನಂಥ ಹಿರಿಯರ ಮಾತನ್ನೂ ಸೇರಿಸಿ, ಎಚ್ಚರದಿಂದ ಕೇಳಿ. ನೌಕರಿ ಸಿಕ್ಕ ಮೇಲೆ ಬೆಂಗಳೂರಿನಲ್ಲೇ ಉಳಿದು ಕೇರಿಯನ್ನು ಮರೆಯಬೇಡಿ. ವರ್ಷಕ್ಕೊಮ್ಮೆ ಬಂದು ಹತ್ತನೆಯ ಇಯತ್ತೆಯ ಹುಡುಗರ ಜತೆ ಅರ್ಧ ದಿನ ಕೂತರೆ ಸಾಕು, ಅರ್ಜಿ ಹೇಗೆ ತುಂಬಬೇಕು, ಎಲ್ಲಿ ಓದಬೇಕು ಎಂದು ಹೇಳಿಕೊಡಲು ಅವರಿಗೆ ನಿಮ್ಮಷ್ಟು ಹತ್ತಿರದವರು ಬೇರೆ ಇಲ್ಲ.

ರಂಗರಾಯರು ಕೂಡ ನಿಮ್ಮಂಥವರು ಓದಿ ಮೇಲೆ ಬರುವುದನ್ನೇ ಬಯಸಿದ್ದರು. ಕಡೆಗಾಲದಲ್ಲಿ ಸನ್ಯಾಸ ತೆಗೆದುಕೊಂಡು, 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಯನ್ನು ದಲಿತರೇ ಮಾಡಬೇಕು ಎಂಬುದು ಅವರ ಇಚ್ಛೆಯಾಗಿತ್ತು. ಮಂಗಳೂರಿನ ನಂದಿಗುಡ್ಡೆಯಲ್ಲಿ ಅವರ ಸಮಾಧಿ ಇದೆ. ಅವರ ಇನ್ನೊಂದು ಆಸೆಯನ್ನು ಆ ಕಡೆಯ ಜನ ಈಗಲೂ ಹೇಳುತ್ತಾರೆ: ತಮ್ಮ ಸಾಲಿಯಲ್ಲಿ ಓದಿದ ದಲಿತರ ಮಗುವೊಂದು ದೊಡ್ಡ ನೌಕರಿಗೆ ಸೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಯ ಮೇಲೆ ಬೀಳಬೇಕು, ಆಗ ತಮ್ಮ ಬಾಳು ಸಾರ್ಥಕ. ಎಷ್ಟೋ ಜನ ಕೀರ್ತಿ ಬೇಕೆನ್ನುತ್ತಾರೆ, ಮೂರ್ತಿ ಬೇಕೆನ್ನುತ್ತಾರೆ. ಧೂಳು ಬೇಕೆಂದ ಮನುಷ್ಯ ಇವರೊಬ್ಬರೇ ಇರಬೇಕು. ಅವರ ಸಾಲಿಯಲ್ಲಿ ಓದಿದವರು ಮಾಸ್ತರರಾದರು, ಊರ ಆಡಳಿತದಲ್ಲಿ ಕೂತರು. 1934ರಲ್ಲಿ ಹರಿಜನ ಯಾತ್ರೆಯ ಕಾಲಕ್ಕೆ ಗಾಂಧೀಜಿ ಮಂಗಳೂರಿಗೆ ಬಂದಾಗ ಆ ಸಂಸ್ಥೆಯನ್ನು ನೋಡಿದರು. ರಂಗರಾಯರು ಆಗ ಇರಲಿಲ್ಲ.

ಸಾಲಿ ತೆಗೆಯಿರಿ, ಜೈಲಿಗೆ ಹೋಗಿ ಎಂದು ನಾನು ನಿಮಗೆ ಹೇಳುತ್ತಿಲ್ಲ. ಈ ಸಲದ ಬಸವ ಜಯಂತಿಗೆ ನಿಮ್ಮ ಊರಿನಲ್ಲಿ ಕಮಿಟಿ ಕೂಡುತ್ತದೆ. ಡಿಜೆ ಯಾವುದು, ಪೆಂಡಾಲು ಎಷ್ಟು ದೊಡ್ಡದು, ಪಟ್ಟಿ ಎಷ್ಟು ಎತ್ತಬೇಕು ಎಂದು ಮಾತಾಗುತ್ತದೆ. ಅಲ್ಲಿ ನೀವು ಎದ್ದು ನಿಂತು ಎರಡು ಪ್ರಶ್ನೆ ಕೇಳಿ. ಹುಗ್ಗಿ ಅನ್ನ ಬೇಯಿಸುವವರಲ್ಲಿ ನಮ್ಮ ದಲಿತ ಕೇರಿಯ ತಾಯಂದಿರು ಯಾರಿದ್ದಾರೆ? ಬಡಿಸುವವರಲ್ಲಿ ಆ ಕೇರಿಯ ಹುಡುಗರು ಯಾರಿದ್ದಾರೆ? ಬರೀ ಉಣ್ಣಲು ಕರೆದರೆ ಸಾಲದು, ಅದು ಮೊದಲಿನಿಂದಲೂ ಇದೆ. ಸವುಟು ಅವರ ಕೈಯಲ್ಲಿರಬೇಕು, ಎಲ್ಲ ಓಣಿಯವರೂ ಅವರ ಕೈಯಿಂದ ಉಣ್ಣಬೇಕು. ಸಭೆಯಲ್ಲಿ ಒಂದು ಕ್ಷಣ ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರಾದರೂ ಹಿರಿಯರು, 'ಇವೆಲ್ಲ ನಿನಗ್ಯಾರು ಹೇಳಿಕೊಟ್ರೋ ತಮ್ಮಾ?' ಎಂದು ಸಿಟ್ಟಿನಿಂದ ಕೇಳುತ್ತಾರೆ. ನನ್ನ ಹೆಸರು ಹೇಳಿ, ನನ್ನ ಮನೆಗೇ ಕಳಿಸಿ. ಅವರಲ್ಲಿ ಬಹಳ ಜನ ನನ್ನ ಹತ್ತಿರ ಸಾಲಿ ಕಲಿತವರೇ, ನಾನು ಅವರ ಜತೆ ಕೂತು ಮಾತಾಡುತ್ತೇನೆ. ಅಷ್ಟರಲ್ಲಿ ನೀವು ಬಡಿಸುವವರ ಯಾದಿ ಬರೆದು ಮುಗಿಸಿ.